ಜೋಡಿ ಗಿನಿ ಪಿಗ್‌ಗಳಲ್ಲಿ ಒಂದು ಸತ್ತುಹೋಯಿತು, ಇನ್ನೊಂದು ಮೂಲೆ ಬಿಟ್ಟು ಬರುತ್ತಿಲ್ಲ. ಏನು ಮಾಡಲಿ?

ಮೊದಲು ಉಳಿದವಳನ್ನು ತೂಕ ಮಾಡಿ. ಇವತ್ತೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿ ಇಟ್ಟು, ಅದರಲ್ಲಿ ಅವಳನ್ನು ಕೂರಿಸಿ, ಎಷ್ಟು ಗ್ರಾಂ ಬಂತೋ ಬರೆದಿಡಿ. ನಾಳೆ ಅದೇ ಹೊತ್ತಿಗೆ ಮತ್ತೆ ತೂಗಿ. ಸಂಜೆ ಸೊಪ್ಪು ತಿಂದವಳು ಬೆಳಿಗ್ಗೆ ಹೇಗೆ ಸತ್ತಳು, ತಪ್ಪು ನನ್ನದಾ, ಇನ್ನೊಂದನ್ನು ತರಲಾ ಅಂತೆಲ್ಲ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ತೂಕದಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ನಾನು ಎಡವಿದ್ದು ಇಲ್ಲೇ. ನನ್ನ ಹತ್ತಿರ ಕೆಂಪಿ, ಗುಂಡಮ್ಮ ಅಂತ ಇಬ್ಬರಿದ್ದರು. ಕೆಂಪಿ ಹೋದ ಮೇಲೆ ಒಂದು ವಾರ ಅವಳ ಫೋಟೋ ನೋಡುತ್ತಾ ಅಳುವುದೇ ನನ್ನ ಕೆಲಸವಾಗಿತ್ತು. ಗುಂಡಮ್ಮನಿಗೆ ಹುಲ್ಲು, ನೀರು ಇಡುತ್ತಿದ್ದೆ, ಅಷ್ಟೇ. ತಿಂದಳೋ ಇಲ್ಲವೋ ಸರಿಯಾಗಿ ನೋಡಲಿಲ್ಲ. ಒಂದು ದಿನ ಎತ್ತಿಕೊಂಡರೆ ಕೈಗೆ ಹಗುರ ಅನ್ನಿಸಿತು. ವಾರದ ಹಿಂದೆ ಡಾಕ್ಟರ್ ಹತ್ತಿರ ತೂಗಿದಾಗ 940 ಗ್ರಾಂ ಇದ್ದವಳು 860ಕ್ಕೆ ಇಳಿದಿದ್ದಳು. ಒಬ್ಬಳು ಸತ್ತ ದುಃಖದಲ್ಲಿ ಇನ್ನೊಬ್ಬಳನ್ನೂ ಕಳೆದುಕೊಳ್ಳುತ್ತಿದ್ದೆ.

ಇವುಗಳ ಹೊಟ್ಟೆ ನಮ್ಮದರ ಹಾಗಲ್ಲ. ನಾವು ಒಂದು ದಿನ ಉಪವಾಸ ಮಾಡಿದರೆ ಏನೂ ಆಗುವುದಿಲ್ಲ. ಗಿನಿ ಪಿಗ್‌ನ ಕರುಳಿನಲ್ಲಿ ಹುಲ್ಲಿನ ನಾರು ಸದಾ ಸಾಗುತ್ತಿರಬೇಕು. ಸಾಗುವುದು ನಿಂತರೆ ಗ್ಯಾಸ್ ತುಂಬಿ, ನೋವಾಗಿ, ಆ ನೋವಿಗೆ ಇನ್ನೂ ತಿನ್ನದೆ, ಒಂದೆರಡು ದಿನದಲ್ಲೇ ಪ್ರಾಣಕ್ಕೆ ಕುತ್ತು ಬರುತ್ತದೆ. ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ ಅಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಹಿಕ್ಕೆ ಸಣ್ಣದಾಗಿದೆಯಾ, ಕಡಿಮೆಯಾಗಿದೆಯಾ ಅದನ್ನೂ ನೋಡಿ. ಗುಂಡಮ್ಮನಿಗೆ ಡಾಕ್ಟರ್ ಕೊಟ್ಟ ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ತಿನ್ನಿಸಿದೆ. ರಾತ್ರಿಯೂ ಎದ್ದು ತಿನ್ನಿಸಬೇಕಿತ್ತು. ಅರ್ಧ ನನ್ನ ಬಟ್ಟೆಗೇ ಹೋಗುತ್ತಿತ್ತು ಅನ್ನಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಸಂಜೆ ಚೆನ್ನಾಗಿದ್ದಳು ಅನ್ನುತ್ತೀರಿ. ಚೆನ್ನಾಗಿದ್ದ ಹಾಗೆ ಕಂಡಿರಬಹುದು. ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವ ಇದು. ಗುಂಪಿನಲ್ಲಿ ಕುಂಟುವವನನ್ನೇ ಶತ್ರು ಮೊದಲು ಹಿಡಿಯುವುದು. ಹಾಗಾಗಿ ಕಾಯಿಲೆಯನ್ನು ಬಚ್ಚಿಡುವುದು ಅವುಗಳ ರಕ್ತದಲ್ಲೇ ಇದೆ. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕಾಯಿಲೆ ಎಷ್ಟೋ ಮುಂದೆ ಹೋಗಿರುತ್ತದೆ. ನಿಜವಾದ ಕಾರಣ ಏನು ಅಂತ ಮರಣೋತ್ತರ ಪರೀಕ್ಷೆ ಇಲ್ಲದೆ ಯಾರೂ ಹೇಳಲಾರರು. ಶ್ವಾಸಕೋಶದ ಸೋಂಕು, ಹೊಟ್ಟೆ ಉಬ್ಬರ, ಸೆಕೆಯ ಹೊಡೆತ, ಹೃದಯ, ಯಾವುದೂ ಇರಬಹುದು. ಹಾಗಾಗಿ ದೂರದಲ್ಲಿ ಕೂತು ನಿಮ್ಮ ತಪ್ಪಿಲ್ಲ ಅಂತ ಹೇಳಿಬಿಡುವುದು ಸುಲಭ, ಆದರೆ ಅದು ನನಗೂ ಗೊತ್ತಿಲ್ಲ.

ನನ್ನ ವಿಷಯದಲ್ಲಿ ತಪ್ಪಿತ್ತು. ಸಾಯುವ ನಾಲ್ಕು ದಿನ ಮೊದಲು ಕೆಂಪಿ ಕ್ಯಾಪ್ಸಿಕಂ ಚೂರನ್ನು ಬಾಯಿಗೆ ತೆಗೆದುಕೊಂಡು ಮತ್ತೆ ಕೆಳಗೆ ಬೀಳಿಸುತ್ತಿದ್ದಳು. ಫ್ರಿಜ್ ಬಾಗಿಲು ತೆಗೆದರೆ ಎಂದಿನಂತೆ ಕೀಂಯ್ ಕೀಂಯ್ ಅಂತ ಕೂಗುತ್ತಾ ಓಡಿ ಬರುತ್ತಿದ್ದಳು. ಹಸಿವಿದೆ, ನಖರಾ ಮಾಡ್ತಿದ್ದಾಳೆ ಅಂತ ನಕ್ಕಿದ್ದೆ. ಹಸಿವಿತ್ತು, ತಿನ್ನಲು ಆಗುತ್ತಿರಲಿಲ್ಲ. ಇವುಗಳ ಹಲ್ಲು ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದು ಅಗಿದು ಸವೆಯಬೇಕು. ನಾನು ಪೆಲೆಟ್, ಅಂದರೆ ಅಂಗಡಿಯ ಗುಳಿಗೆಯಂಥ ಒಣ ಆಹಾರ ಜಾಸ್ತಿ, ಹುಲ್ಲು ಕಡಿಮೆ ಹಾಕುತ್ತಿದ್ದೆ. ಅವಳ ಕೆಳಗಿನ ದವಡೆ ಹಲ್ಲುಗಳು ಒಳಕ್ಕೆ ಬಾಗಿ ನಾಲಿಗೆಯ ಮೇಲೆ ಸೇತುವೆಯ ಹಾಗೆ ಕೂಡಿಕೊಂಡಿದ್ದವು. ಮುಂದಿನ ಹಲ್ಲು ಮಾತ್ರ ನೋಡಿದರೆ ಇದು ಕಾಣುವುದೇ ಇಲ್ಲ. ಡಾಕ್ಟರ್ ಬಾಯಿಯೊಳಗೆ ಉಪಕರಣ ಹಾಕಿ ನೋಡಿದ ದಿನ ರಾತ್ರಿಯೇ ಹೋದಳು.

ಹುಲ್ಲು ಕಡಿಮೆ ಹಾಕಿದ ತಪ್ಪನ್ನು ನಾನು ಒಪ್ಪಿಕೊಂಡೆ. ಆದರೆ ನಖರಾ ಅಂತ ನಕ್ಕಿದ್ದೆನಲ್ಲ, ಅದು ಬೇರೆ. ಅವತ್ತು ನನಗೆ ಗೊತ್ತಿದ್ದದ್ದು ಅಷ್ಟೇ. ಅದನ್ನೂ ಇದನ್ನೂ ಒಂದೇ ಗಂಟಿಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಹೊತ್ತೆ. ನೀವು ಹಾಗೆ ಮಾಡಬೇಡಿ. ಗುಂಡಮ್ಮನಿಗೆ ಮಾತ್ರ ಎಲ್ಲ ಬದಲಾಯಿಸಿದೆ. ಒಣಹುಲ್ಲು ಇಡೀ ದಿನ, ಎಷ್ಟು ಬೇಕೋ ಅಷ್ಟು. ಪೆಲೆಟ್ ಒಂದು ಚಮಚ. ಮನುಷ್ಯರ ಹಾಗೆ ಇವುಗಳ ಮೈಯಲ್ಲೂ ವಿಟಮಿನ್ ಸಿ ತಯಾರಾಗುವುದಿಲ್ಲ, ದಿನಕ್ಕೆ 10ರಿಂದ 30 ಮಿಲಿಗ್ರಾಂ ಹೊರಗಿನಿಂದಲೇ ಬರಬೇಕು. ಪೆಲೆಟ್‌ನಲ್ಲಿ ಇದೆಯಲ್ಲ ಅಂತ ಸುಮ್ನೆ ಇರಬೇಡಿ, ತಯಾರಾದ ಕೆಲವೇ ತಿಂಗಳಲ್ಲಿ ಅದರ ಸತ್ವ ಇಳಿದುಹೋಗುತ್ತದೆ. ಹಾಂ, ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿ ಮಾಡಿ ಕೊಡುವ ಯೋಚನೆ ಬಂದರೆ ಅಲ್ಲೇ ಬಿಡಿ. ಪೆನಿಸಿಲಿನ್ ಜಾತಿಯ ಔಷಧಿ ಹೊಟ್ಟೆಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಗಿನಿ ಪಿಗ್ ಕೂಡ ಸಾಯಬಹುದು.

ಇನ್ನೊಂದನ್ನು ತರಬೇಕಾ? ನಿಮ್ಮವಳಿಗಾಗಿ ಕೇಳಿದರೆ, ತರಬೇಕು. ಗುಂಪಿನಲ್ಲಿ ಬದುಕುವ ಪ್ರಾಣಿ ಅದು. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ 2008ರಿಂದ ಒಂಟಿ ಗಿನಿ ಪಿಗ್ ಸಾಕುವುದೇ ಕಾನೂನಿಗೆ ವಿರುದ್ಧ. ಮೊಲವನ್ನು ಜೊತೆಗೆ ಬಿಡಬೇಡಿ, ಅದರ ಒಂದು ಒದೆಗೆ ಇವಳ ಮೂಳೆ ಮುರಿಯಬಹುದು. ಬೀಜ ತೆಗೆಸದ ಗಂಡೂ ಬೇಡ. ಆದರೆ ಮುಚ್ಚಿಡದೆ ಹೇಳುತ್ತೇನೆ, ಮರಿ ತಂದರೆ ಇವಳು ಹೋದ ಮೇಲೆ ಅದು ಒಂಟಿಯಾಗುತ್ತದೆ, ಅದಕ್ಕೊಂದು ಜೊತೆ, ಹೀಗೆ ಮುಗಿಯುವುದೇ ಇಲ್ಲ. ನಾನು ತಂದದ್ದು, ಯಾರೋ ಸಾಕಲಾಗದೆ ಬಿಟ್ಟುಕೊಟ್ಟ ನಾಲ್ಕು ವರ್ಷದ ಹೆಣ್ಣನ್ನು. ಎರಡು ವಾರ ಬೇರೆ ಕೋಣೆಯಲ್ಲಿಟ್ಟು ಕಾಯಿಲೆ ಇಲ್ಲ ಅಂತ ಖಚಿತವಾದ ಮೇಲೆ, ಇಬ್ಬರಿಗೂ ಹೊಸದಾದ ದೊಡ್ಡ ಜಾಗದಲ್ಲಿ, ನಾಲ್ಕು ಕಡೆ ಹುಲ್ಲು ಸುರಿದು ಬಿಟ್ಟೆ. ಗುಂಡಮ್ಮ ಹಲ್ಲು ಕಟಕಟ ಅನ್ನಿಸಿ ಸೊಂಟ ಕುಣಿಸಿ ದೊಡ್ಡಸ್ತಿಕೆ ತೋರಿಸಿದಳು. ಸಂಜೆಗೆ ಇಬ್ಬರೂ ಒಂದೇ ಗುಡ್ಡೆಯಲ್ಲಿ ಮೂತಿ ತೂರಿಸಿ ತಿನ್ನುತ್ತಿದ್ದರು.

ನಿಮಗೆ ಮಾತ್ರ ಇಷ್ಟು ಬೇಗ ಮನಸ್ಸು ಬಾರದಿದ್ದರೆ ಅದೂ ಸರಿಯೇ. ಹೊಸಬಳಿಗೆ ಹೆಸರಿಡಲು ನನಗೆ ಎರಡು ತಿಂಗಳು ಬೇಕಾಯಿತು.

ತೂಕ ಎಷ್ಟು ಬಂತು ಅಂತ ತಿಳಿಸಿ. ನಾಳೆಯದನ್ನೂ.