ರೈಲು ಓಡುತ್ತದೆ ಸರಿ, ನಿಮ್ಮ ಸ್ಟೇಷನ್ನಿಗೆ ಬರುತ್ತದೆಯೇ?

ಕೊಡಗಿನಲ್ಲಿ ರೈಲು ಹಳಿಯಿಲ್ಲ, ರೈಲಿನ ಪ್ರಶ್ನೆಗಳಿಗೇನೂ ಬರವಿಲ್ಲ. ಹಳಿ ಕೆಲಸದ ದಿನಗಳಲ್ಲಿ ಮಾರ್ಗ ಬದಲಿಸುವ ರೈಲುಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಬೆಂಗಳೂರಿನಿಂದ ಮೈಸೂರು ಮೇಲೆ ಕರಾವಳಿಗೆ ಹೋಗುವ ರಾತ್ರಿ ರೈಲಿಗೆ ಮೈಸೂರಿನಲ್ಲಿ ಹತ್ತುವಂತೆ ಟಿಕೆಟ್ ಮಾಡಿಸಿದ್ದೆವು. ಅಂದು ರೈಲು ಕುಣಿಗಲ್ ಮಾರ್ಗವಾಗಿ ನೇರ ಹಾಸನಕ್ಕೆ ಹೋಯಿತು. ಫೋನಿಗೆ ಒಂದು ಮೆಸೇಜೂ ಬರಲಿಲ್ಲ. ಹಣ ಸಿಗುತ್ತದೆಯೇ?
– ಕುಶಾಲನಗರದ ಓದುಗರು

ಉತ್ತರ: ಸಿಗುತ್ತದೆ, ಆದರೆ ಕೇಳಬೇಕು. ಇಡೀ ರೈಲು ರದ್ದಾದರೆ ಆನ್‌ಲೈನ್ ಟಿಕೆಟಿನ ಹಣ ತಾನಾಗಿಯೇ ಖಾತೆಗೆ ಮರಳುತ್ತದೆ. ಮಾರ್ಗ ಬದಲಾದಾಗ ಹಾಗಲ್ಲ. ರೈಲ್ವೆಯ ಲೆಕ್ಕದಲ್ಲಿ ಅಂದು ರೈಲು ಓಡಿದೆ, ನೀವು ಹತ್ತಲಿಲ್ಲ, ಅಷ್ಟೆ. ರೈಲ್ವೆಯ ಟಿಕೆಟ್ ತಾಣವಾದ ಐಆರ್‌ಸಿಟಿಸಿಯಲ್ಲಿ ಟಿಡಿಆರ್, ಅಂದರೆ ಹಣ ವಾಪಸು ಕೇಳುವ ಅರ್ಜಿ ಸಲ್ಲಿಸಬೇಕು. ಮಾರ್ಗ ಬದಲಾವಣೆಗೆ ಅಲ್ಲಿ ಮೂರು ಕಾರಣಗಳಿವೆ: ಪ್ರಯಾಣಿಕರು ಹೋಗಲಿಲ್ಲ, ರೈಲು ಹತ್ತುವ ನಿಲ್ದಾಣಕ್ಕೆ ಬರಲಿಲ್ಲ, ರೈಲು ಇಳಿಯುವ ನಿಲ್ದಾಣಕ್ಕೆ ಹೋಗಲಿಲ್ಲ. ನಿಮ್ಮದು ಎರಡನೆಯದು. ನಿಮ್ಮ ನಿಲ್ದಾಣದಿಂದ ರೈಲು ಹೊರಡಬೇಕಿದ್ದ ಸಮಯದಿಂದ 72 ಗಂಟೆಯೊಳಗೆ ಇದು ಮುಗಿಯಬೇಕು.

ಗಡಿಬಿಡಿಯಲ್ಲಿ ಹೆಚ್ಚಿನವರು ‘ಕ್ಯಾನ್ಸಲ್’ ಒತ್ತಿಬಿಡುತ್ತಾರೆ. ಒತ್ತಿದರೆ ಅದು ನೀವೇ ಮನಸ್ಸು ಬದಲಿಸಿ ರದ್ದು ಮಾಡಿದ ಟಿಕೆಟ್. ರದ್ದತಿ ಶುಲ್ಕ ಕಡಿತವಾಗುತ್ತದೆ. ಹಾಗಾಗಿ ಆ ಗುಂಡಿಯ ಹತ್ತಿರ ಹೋಗಬೇಡಿ. ಟಿಡಿಆರ್ ಹಾಕಿದರೂ ಬುಕಿಂಗಿನ ಸೇವಾ ಶುಲ್ಕ ವಾಪಸು ಬರುವುದಿಲ್ಲ.

ಇನ್ನು ಮೆಸೇಜಿನ ವಿಷಯ. ಅದು ಹೋಗುವುದು ಬುಕಿಂಗ್ ವೇಳೆ ಕೊಟ್ಟ ನಂಬರಿಗೆ. ಪೇಟೆಯ ಸೈಬರ್ ಅಂಗಡಿಯಲ್ಲೋ ಏಜೆಂಟರ ಬಳಿಯೋ ಮಾಡಿಸಿದ ಟಿಕೆಟಿನಲ್ಲಿ ಅವರದೇ ನಂಬರ್ ಇರುವುದು ತೀರಾ ಸಾಮಾನ್ಯ. ಮೆಸೇಜ್ ಬಂದಿರುತ್ತದೆ, ಅಂಗಡಿಯವರ ಫೋನಿಗೆ. ಟಿಕೆಟ್ ಮಾಡಿಸುವಾಗಲೇ ನಿಮ್ಮ ನಂಬರ್ ಹಾಕಿಸಿ, ಮುದ್ರಿತ ಪ್ರತಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಪ್ರಕಟಣೆಯಲ್ಲಿ ‘ನಿಯಂತ್ರಣ’, ‘ಭಾಗಶಃ ರದ್ದು’ ಎಂದೆಲ್ಲ ಬರೆದಿರುತ್ತಾರೆ. ನಾವು ಬಸ್ ಹತ್ತಬೇಕೇ, ಬೇಡವೇ?
– ಮಡಿಕೇರಿ

ಉತ್ತರ: ‘ಮರುನಿಗದಿ’ ಎಂದರೆ ಹೊರಡುವ ಊರಿನಿಂದಲೇ ತಡವಾಗಿ ಹೊರಡುತ್ತದೆ. ‘ನಿಯಂತ್ರಣ’ ಎಂದರೆ ಹೊತ್ತಿಗೆ ಸರಿಯಾಗಿ ಹೊರಟು, ದಾರಿಯಲ್ಲಿ ಎಲ್ಲೋ ಇಷ್ಟು ನಿಮಿಷ ನಿಲ್ಲಿಸುತ್ತಾರೆ. ಈ ಎರಡರಲ್ಲೂ ಬಸ್ ಹತ್ತಬಹುದು. ‘ಭಾಗಶಃ ರದ್ದು’ ಎಂದರೆ ಕೊನೆಯ ಅಥವಾ ಮೊದಲ ತುಂಡು ಓಡುವುದಿಲ್ಲ. ಮೈಸೂರಿಗೆ ಬರಬೇಕಾದ ರೈಲು ಮಂಡ್ಯದಲ್ಲೇ ಮುಗಿದರೆ ಅದು ಭಾಗಶಃ ರದ್ದು. ‘ಮಾರ್ಗ ಬದಲಾವಣೆ’ ಎಂದಿದ್ದರೆ ವಾಕ್ಯದ ಕೊನೆಯವರೆಗೂ ಓದಿ. ಯಾವ ಯಾವ ನಿಲುಗಡೆ ತಪ್ಪುತ್ತದೆ ಎಂಬ ಪಟ್ಟಿ ಬಾಲದಲ್ಲಿರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಹರಿದಾಡುವ ಪ್ರತಿಗಳಲ್ಲಿ ಆ ಬಾಲವೇ ಕತ್ತರಿಸಿಹೋಗಿರುತ್ತದೆ.

ಮಡಿಕೇರಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಮೂರು ಗಂಟೆಗೂ ಮಿಕ್ಕಿದ ದಾರಿ. ಆದ್ದರಿಂದ ಹಿಂದಿನ ಸಂಜೆ ಒಮ್ಮೆ, ಬಸ್ ಹತ್ತುವ ಮೊದಲು ಇನ್ನೊಮ್ಮೆ ರೈಲುಗಳ ಓಡಾಟ ತಿಳಿಸುವ, ರೈಲ್ವೆಯದೇ ಆದ ಎನ್‌ಟಿಇಎಸ್‌ ಆ್ಯಪ್‌ನಲ್ಲಿ ನೋಡಿ, ಇಲ್ಲವೇ 139ಕ್ಕೆ ಫೋನ್ ಮಾಡಿ. ಮೊಬೈಲ್ ಟವರ್ ಹಿಡಿದು ರೈಲು ಎಲ್ಲಿದೆ ಎಂದು ತೋರಿಸುವ ಖಾಸಗಿ ಆ್ಯಪ್‌ಗಳು ಮಾಮೂಲಿ ದಿನಕ್ಕೆ ಚೆನ್ನ. ಮಾರ್ಗ ಬದಲಾದ ದಿನ ಅವು ಹಳೆಯ ದಾರಿಯ ನಿಲ್ದಾಣಗಳನ್ನೇ ತೋರಿಸುತ್ತಾ ಕೂರುವುದುಂಟು.

ಪ್ರಶ್ನೆ: ಸಕಲೇಶಪುರ ಘಾಟಿಯಲ್ಲಿ ಕೆಲಸವೆಂದು ಹಗಲು ರೈಲು ಮಾತ್ರ ನಿಲ್ಲಿಸಿದ್ದರಲ್ಲ, ಏಕೆ? ಬೇರೆ ದಾರಿಯಲ್ಲಿ ಬಿಡಬಾರದಿತ್ತೇ?
– ಸೋಮವಾರಪೇಟೆ

ಉತ್ತರ: ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೆ ಸುಮಾರು 55 ಕಿ.ಮೀ., ನಡುವೆ 57 ಸುರಂಗ, 50 ಮೀಟರಿಗೆ 1 ಮೀಟರ್ ಏರು. ಎಲ್ಲಕ್ಕಿಂತ ಮುಖ್ಯವಾಗಿ ಒಂದೇ ಹಳಿ. ವಿದ್ಯುತ್ ತಂತಿ ಎಳೆಯುವ ಟವರ್ ವ್ಯಾಗನ್ ಆ ಹಳಿಯ ಮೇಲೆಯೇ ನಿಲ್ಲಬೇಕು. ಸುರಂಗದ ಚಾವಣಿಗೆ ತೂತು ಕೊರೆದು ತಂತಿ ಹಿಡಿಯುವ ಬ್ರ್ಯಾಕೆಟ್ ಕೂರಿಸುವವರೂ ಅಲ್ಲೇ. ಅವರು ಸರಿಯುವವರೆಗೆ ಯಾವ ಗಾಡಿಯೂ ದಾಟದು. ದಿನಕ್ಕೆ ಕೆಲವು ಗಂಟೆ ಸತತವಾಗಿ ಹಳಿ ಬಿಟ್ಟುಕೊಟ್ಟರಷ್ಟೇ ಕೆಲಸ ಸಾಗುತ್ತದೆ, ಅದಕ್ಕೆ ಹಗಲಿನ ಬೆಳಕೂ ಬೇಕು. 2025ರ ಜೂನ್‌ನಿಂದ ಯಶವಂತಪುರ ಕಡೆಯ ಹಗಲು ರೈಲುಗಳನ್ನು ತಿಂಗಳುಗಟ್ಟಲೆ ರದ್ದು ಮಾಡಿದ್ದು ಈ ಕೆಲಸಕ್ಕಾಗಿಯೇ.

ಬೇರೆ ದಾರಿ ಇದೆ, ಆದರೆ ಭಾರೀ ಸುತ್ತು. 2024ರ ಜುಲೈ 26ರಂದು ಎಡಕುಮರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿದಾಗ ಕೆಲವು ರೈಲುಗಳನ್ನು ಸೇಲಂ, ಪಾಲಕ್ಕಾಡ್, ಶೋರನೂರು ಮೇಲೆ ಕಳಿಸಿದರು. ಬೆಂಗಳೂರು–ಮಂಗಳೂರು ದೂರ ದುಪ್ಪಟ್ಟಾಯಿತು. ಹಾಗೆ ತಿರುಗಿದ ರೈಲು ಹಾಸನ, ಸಕಲೇಶಪುರದವರಿಗೆ ಸಿಗುವುದೇ ಇಲ್ಲ. ಅತ್ತ ಮಂಗಳೂರು ದಾಟಿ ಹೋಗಬೇಕಿದ್ದ ಕಣ್ಣೂರಿನವರಿಗೆ ಮಂಗಳೂರಿಗಿಂತ ಮೊದಲೇ ಊರು ಬಂದಿರುತ್ತದೆ! ದೂರ ಎಷ್ಟೇ ಹೆಚ್ಚಿದರೂ ಹೆಚ್ಚುವರಿ ದರ ಕೇಳುವಂತಿಲ್ಲ.

ಅಂಥ ಮಳೆಯಲ್ಲಿ ಸಂಪಾಜೆ ಘಾಟಿಯ ರಸ್ತೆಯನ್ನೂ ನಂಬುವಂತಿಲ್ಲ. ರೈಲು ತಪ್ಪಿತೆಂದು ಮಂಗಳೂರಿಗೆ ಟ್ಯಾಕ್ಸಿ ಹೇಳುವ ಮೊದಲು ರಸ್ತೆ ತೆರೆದಿದೆಯೇ ಕೇಳಿಕೊಳ್ಳಿ.

ಪ್ರಶ್ನೆ: ನಾವು ಮುಂಬೈಗೆ ತಲಶ್ಶೇರಿಯಿಂದ ನೇತ್ರಾವತಿ ಎಕ್ಸ್‌ಪ್ರೆಸ್ ಹಿಡಿಯುವವರು. ಕೊಂಕಣ ಹಳಿ ಮುಚ್ಚಿ ರೈಲು ಬೇರೆ ಕಡೆ ತಿರುಗಿದರೆ ಶೋರನೂರಿಗೆ ಹೋಗಿ ಅದನ್ನೇ ಹತ್ತಬಹುದೇ?
– ವಿರಾಜಪೇಟೆ

ಉತ್ತರ: ಆ ಟಿಕೆಟಿನಲ್ಲಿ ಆಗದು. ಹತ್ತುವ ನಿಲ್ದಾಣವನ್ನು ಮುಂದಕ್ಕೆ ಬದಲಿಸಬಹುದು, ಹಿಂದಕ್ಕೆ ಇಲ್ಲ. ತಲಶ್ಶೇರಿ ಬದಲು ಕಣ್ಣೂರು ಎಂದು ಮಾಡಿಸಬಹುದು. ಶೋರನೂರು ರೈಲು ಬರುವ ದಾರಿಯಲ್ಲಿ ತಲಶ್ಶೇರಿಗಿಂತ ಹಿಂದೆ ಇದೆ. 2024ರ ಜುಲೈನಲ್ಲಿ ಗೋವಾದ ಪೆರ್ನೆಮ್ ಸುರಂಗದಲ್ಲಿ ನೀರು ಉಕ್ಕಿ ಕೊಂಕಣ ಮಾರ್ಗ ಬಂದಾದಾಗ ಶೋರನೂರಿನಿಂದಲೇ ಪಾಲಕ್ಕಾಡ್, ಈರೋಡ್ ಕಡೆಗೆ ತಿರುಗಿದ ಗಾಡಿಗಳು ಮಲಬಾರ್ ಕರಾವಳಿಗೆ ಬರಲೇ ಇಲ್ಲ. ಟಿಡಿಆರ್ ಹಾಕಿ, ಮೈಸೂರು ಅಥವಾ ಬೆಂಗಳೂರಿನಿಂದ ಬೇರೆ ಟಿಕೆಟ್ ನೋಡುವುದೇ ವಾಸಿ. ಮಾಕುಟ್ಟ ಘಾಟಿ ಇಳಿದು ಸುಮಾರು 80 ಕಿ.ಮೀ. ಹೋದಮೇಲೆ ವಿಷಯ ತಿಳಿಯುವುದಕ್ಕಿಂತ ಮನೆಯಲ್ಲೇ ತಿಳಿಯಲಿ.

ಪ್ರಶ್ನೆ: ತತ್ಕಾಲ್ ಟಿಕೆಟಿಗೆ ಹಣ ವಾಪಸಿಲ್ಲ ಎನ್ನುತ್ತಾರೆ, ನಿಜವೇ?
– ಗೋಣಿಕೊಪ್ಪಲು

ಉತ್ತರ: ಸೀಟು ಖಚಿತವಾದ ಟಿಕೆಟನ್ನು ನೀವಾಗಿ ರದ್ದು ಮಾಡಿದರೆ ನಿಜ. ಮಾರ್ಗ ಬದಲಾಗಿ ನೀವು ಹೋಗದಿದ್ದರೆ ತತ್ಕಾಲಿಗೂ ಪೂರ್ತಿ ಹಣ. ರೈಲು 3 ಗಂಟೆಗಿಂತ ಹೆಚ್ಚು ತಡವಾದರೂ ಪೂರ್ತಿ ಹಣವೇ, ಆದರೆ ಇಲ್ಲಿ 72 ಗಂಟೆಯ ಗಡುವಿಲ್ಲ. ರೈಲು ನಿಜವಾಗಿ ಹೊರಡುವ ಮೊದಲೇ ಟಿಡಿಆರ್ ಬಿದ್ದಿರಬೇಕು. ತಡವನ್ನು ಅಳೆಯುವುದು ಟಿಕೆಟ್ ಶುರುವಾಗುವ ನಿಲ್ದಾಣದಲ್ಲಿ, ನೀವು ಬದಲಿಸಿಕೊಂಡ ಬೋರ್ಡಿಂಗ್ ನಿಲ್ದಾಣದಲ್ಲಲ್ಲ. ಬೆಂಗಳೂರಿನಿಂದ ಟಿಕೆಟ್ ತೆಗೆದು ಮೈಸೂರಿನಲ್ಲಿ ಹತ್ತುವವರು ಇದನ್ನು ನೆನಪಿಡಬೇಕು.

ಪ್ರಶ್ನೆ: ಮಾರ್ಗ ಬದಲಾದ ರೈಲಿನಲ್ಲಿ ಹೋಗುವುದೇ ಆದರೆ ಏನೇನು ಜೊತೆಗಿರಬೇಕು?
– ಶನಿವಾರಸಂತೆ

ಉತ್ತರ: ಮೊದಲು ನೀರು. ಬೋಗಿಗಳ ಟ್ಯಾಂಕಿಗೆ ನೀರು ತುಂಬಿಸುವುದು ಮಾಮೂಲಿ ದಾರಿಯ ಗೊತ್ತಾದ ನಿಲ್ದಾಣಗಳಲ್ಲಿ. ದಾರಿ ತಪ್ಪಿದರೆ ಶೌಚಾಲಯದ ನಲ್ಲಿ ಮಧ್ಯರಾತ್ರಿಗೇ ಒಣಗಬಹುದು. ಒಂದು ಹೊತ್ತಿನ ಊಟ ಹೆಚ್ಚು ಕಟ್ಟಿಕೊಳ್ಳಿ. ಹಳೆಯ ದಾರಿಯ ಸ್ಟೇಷನ್ನಿಗೆ ಹೇಳಿದ್ದ ಆನ್‌ಲೈನ್ ಊಟವನ್ನು ರದ್ದು ಮಾಡಿ.

ಬದಲಿ ದಾರಿಯ ವೇಳಾಪಟ್ಟಿಯಲ್ಲಿ ನಿಮ್ಮ ರೈಲಿಗೆ ಜಾಗವೇ ಇರುವುದಿಲ್ಲ. ಅಲ್ಲಿನ ರೈಲುಗಳೆಲ್ಲ ದಾಟಿದ ಮೇಲೆ ಇದರ ಸರದಿ. ಲೋಕೊ ಪೈಲಟ್ ಬದಲಾಗಲು ಸಣ್ಣ ನಿಲ್ದಾಣಗಳಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ಎಂದು ಯಾರೂ ಕೂಗಿ ಹೇಳುವುದಿಲ್ಲ. ಟೀ ಕುಡಿಯಲು ಇಳಿಯಬೇಡಿ. ಎಂಜಿನ್ ಇನ್ನೊಂದು ತುದಿಗೆ ಬಂದಿದ್ದರೆ ಬೋಗಿಗಳ ಕ್ರಮವೂ ತಿರುಗಿರುತ್ತದೆ. ನಡುವೆ ಹತ್ತುವವರು ಪ್ಲಾಟ್‌ಫಾರ್ಮಿನ ಬೋರ್ಡ್ ನೋಡಿ ನಿಲ್ಲಿ.

ಇಳಿಯುವ ಊರಿಗೆ ಹೋಗದೆ ರೈಲು ನಡುವೆ ಮುಗಿದರೆ, ಟಿಟಿಇ ಬಳಿ ಅದನ್ನು ಬರೆಸಿಕೊಳ್ಳಿ. ಪ್ರಯಾಣಿಸದ ಭಾಗದ ಹಣ ಕೇಳುವಾಗ ಆ ಚೀಟಿ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಬಸ್ ತಡವಾಗಿ ರೈಲು ತಪ್ಪಿದರೆ?
– ಸುಂಟಿಕೊಪ್ಪ

ಉತ್ತರ: ಏನೂ ಸಿಗದು. ಒಂದು ರೈಲು ತಡವಾಗಿ ಇನ್ನೊಂದು ತಪ್ಪಿದರೆ ಮಾತ್ರ ಪರಿಹಾರವಿದೆ, ಅದಕ್ಕೂ ಎರಡು ಟಿಕೆಟಿನ ಪಿಎನ್‌ಆರ್ ನಂಬರ್‌ಗಳನ್ನು ಮೊದಲೇ ಜೋಡಿಸಿರಬೇಕು. ಜೋಡಿಸಿದ್ದರೆ, ಮೊದಲ ರೈಲು ತಲುಪಿದ 3 ಗಂಟೆಯೊಳಗೆ ಅರ್ಜಿ ಹಾಕಿ.