ಓದುಗರ ಪ್ರಶ್ನೆ: ‘ಮ್ಯಾಕ್‌ಬೆತ್’ ಪಾಠ, ಅಲಂಕಾರದ ಪೇಚು

ಪ್ರಶ್ನೆ: ಮಗಳಿಗೆ ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕ ಪಠ್ಯವಾಗಿದೆ. ‘ಇಲ್ಲಿ ರೂಪಕ, ಇಲ್ಲಿ ಅತಿಶಯೋಕ್ತಿ’ ಎಂದು ಸರಿಯಾಗಿಯೇ ಗುರುತಿಸುತ್ತಾಳೆ. ಆದರೂ ಪೂರ್ತಿ ಅಂಕ ಬರುತ್ತಿಲ್ಲ. ಏಕೆ?

ಉತ್ತರ: ಹೆಸರು ಹೇಳಿ ಕೈತೊಳೆದುಕೊಳ್ಳುತ್ತಿದ್ದಾಳೆ, ಅದಕ್ಕೇ. ಕೈತೊಳೆಯುವ ಮಾತು ಬಂದದ್ದೂ ಒಳ್ಳೆಯದಾಯಿತು, ಈ ನಾಟಕದಲ್ಲಿ ಅದೇ ದೊಡ್ಡ ಪ್ರತಿಮೆ. 2ನೇ ಅಂಕದ 2ನೇ ದೃಶ್ಯ ತೆಗೆಯಿರಿ. ದೊರೆ ಡಂಕನ್‌ನನ್ನು ಕೊಂದು ಬಂದ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು, ಸಮುದ್ರದ ನೀರೆಲ್ಲ ಸುರಿದರೂ ಈ ರಕ್ತ ಹೋಗದು, ಸಮುದ್ರವೇ ಕೆಂಪಾದೀತು ಎನ್ನುತ್ತಾನೆ. ಕೆಲವೇ ಸಾಲು ದಾಟುವಷ್ಟರಲ್ಲಿ ಅವನ ಹೆಂಡತಿ ಲೇಡಿ ಮ್ಯಾಕ್‌ಬೆತ್ ‘ಚೂರು ನೀರು ಸಾಕು’ ಎಂದುಬಿಡುತ್ತಾಳೆ. ಅದೇ ರಕ್ತಕ್ಕೆ ಒಬ್ಬನಿಗೆ ಕಡಲೂ ಸಾಲದು, ಇನ್ನೊಬ್ಬಳಿಗೆ ಚೂರು ನೀರೇ ಹೆಚ್ಚು. ‘ಅತಿಶಯೋಕ್ತಿ’ ಎಂದಷ್ಟೇ ಬರೆದರೆ ಈ ಅಂತರ ಕೈತಪ್ಪುತ್ತದೆ.

ಇನ್ನು 5ನೇ ಅಂಕದ 1ನೇ ದೃಶ್ಯಕ್ಕೆ ಬನ್ನಿ. ನಿದ್ದೆಯಲ್ಲೇ ನಡೆಯುತ್ತ, ಕೈ ಉಜ್ಜಿಕೊಳ್ಳುತ್ತ, ಅರೇಬಿಯಾದ ಸುಗಂಧವೆಲ್ಲ ಸುರಿದರೂ ‘ಈ ಪುಟ್ಟ ಕೈ’ಯ ವಾಸನೆ ಹೋಗದು ಎಂದು ಅವಳೇ ನರಳುತ್ತಾಳೆ. ಮೂಲದಲ್ಲಿ ನೀರಿಗೂ ಕೈಗೂ ‘ಲಿಟ್ಲ್’ ಎಂಬ ಒಂದೇ ಪದ. ಇಷ್ಟರಲ್ಲಿ ಗಂಡ ಎಲ್ಲಿಗೆ ತಲುಪಿದ್ದಾನೆ? 3ನೇ ಅಂಕದ 4ನೇ ದೃಶ್ಯದಲ್ಲೇ, ರಕ್ತದಲ್ಲಿ ಇಷ್ಟು ದೂರ ಇಳಿದಾಗಿದೆ, ಹಿಂದಿರುಗುವುದೂ ಮುಂದೆ ಹೋಗುವಷ್ಟೇ ತ್ರಾಸ ಎಂದು ಲೆಕ್ಕ ಹಾಕುತ್ತಾನೆ. ಬೆಚ್ಚಿದವನು ಗಟ್ಟಿಯಾದ, ಗಟ್ಟಿಗಿತ್ತಿ ಕುಸಿದಳು.

ಬರೆಯುವಾಗ ಐದಾರು ಪದಕ್ಕಿಂತ ಉದ್ದದ ಉದ್ಧರಣೆ ಬೇಡ. ಯಾರು, ಯಾವ ಗಳಿಗೆಯಲ್ಲಿ ಆಡಿದ ಮಾತು, ಅದರಲ್ಲಿ ಕೆಲಸ ಮಾಡುತ್ತಿರುವ ಪದ ಯಾವುದು, ಅದು ಮತ್ತೆಲ್ಲಿ ಮರಳಿ ಬರುತ್ತದೆ ಎಂಬುದನ್ನು ಹೇಳಲಿ. ಅಲಂಕಾರದ ಹೆಸರು ಕೊನೆಗಿರಲಿ. ಮೊದಲೇ ಬರೆದರೆ ಕೆಲಸ ಮುಗಿಯಿತೆಂದು ಪೆನ್ನು ನಿಂತುಬಿಡುತ್ತದೆ.

ಪ್ರಶ್ನೆ: ಸ್ವಗತ, ‘ಅಸೈಡ್’ ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. ರಂಗದ ಮೇಲೆ ಬೇರೆ ಯಾರಿದ್ದಾರೆ ಎಂದು ನೋಡಿ. 2ನೇ ಅಂಕದ 1ನೇ ದೃಶ್ಯದಲ್ಲಿ ಗಾಳಿಯಲ್ಲಿ ತೇಲುವ ಕಠಾರಿ ಕಂಡಾಗ ಮ್ಯಾಕ್‌ಬೆತ್ ಒಬ್ಬನೇ ಇದ್ದಾನೆ, ಅದು ಸ್ವಗತ. 1ನೇ ಅಂಕದ 3ನೇ ದೃಶ್ಯದಲ್ಲಿ ಜತೆಗಾರ ಸೇನಾನಿ ಬ್ಯಾಂಕೋ ಮುಂತಾದವರು ಪಕ್ಕದಲ್ಲೇ ನಿಂತಿರುವಾಗ ಅವರಿಗೆ ಕೇಳಿಸದಂತೆ ತನ್ನಲ್ಲೇ ಆಡಿಕೊಳ್ಳುವುದು ಅಸೈಡ್. ಮಕ್ಕಳು ಎಡವುವುದು 5ನೇ ಅಂಕದ 5ನೇ ದೃಶ್ಯದ ‘ನಾಳೆ, ನಾಳೆ, ನಾಳೆ’ ಮಾತಿನಲ್ಲಿ. ಅದನ್ನು ಕಣ್ಣುಮುಚ್ಚಿ ಸ್ವಗತ ಎನ್ನುತ್ತಾರೆ. ಹೆಂಡತಿ ಸತ್ತ ಸುದ್ದಿ ತಂದ ಸೀಟನ್ ಎದುರಿಗೇ ಇದ್ದಾನಲ್ಲ!

ಪ್ರಶ್ನೆ: ನಾಟಕೀಯ ವ್ಯಂಗ್ಯಕ್ಕೆ ಪರೀಕ್ಷೆಯಲ್ಲಿ ಬರೆಯಲು ಒಂದು ಒಳ್ಳೆಯ ಉದಾಹರಣೆ ಕೊಡಿ.

ಉತ್ತರ: 1ನೇ ಅಂಕದ 4ನೇ ದೃಶ್ಯ. ದ್ರೋಹ ಬಗೆದ ಕಾಡರ್‌ನ ಥೇನ್‌ನನ್ನು (ಥೇನ್ ಎಂದರೆ ಸ್ಕಾಟ್ಲೆಂಡಿನ ಸರದಾರ) ನೆನೆದು ಡಂಕನ್, ಮುಖ ನೋಡಿ ಮನಸ್ಸು ಅಳೆಯುವ ವಿದ್ಯೆಯೇ ಇಲ್ಲ, ಅವನನ್ನು ಪೂರ್ತಿ ನಂಬಿದ್ದೆ ಎನ್ನುತ್ತಾನೆ. ಆ ಮಾತಿನ ಬೆನ್ನಿಗೇ ಮ್ಯಾಕ್‌ಬೆತ್ ಒಳಗೆ ಬರುತ್ತಾನೆ. ಕಾಡರ್ ಪದವಿ ಈಗ ಅವನದು. ಅವನ ತಲೆಯಲ್ಲಿ ಕೊಲೆಯ ಯೋಚನೆ ಹೊಕ್ಕಿರುವುದು ಹಿಂದಿನ ದೃಶ್ಯದಲ್ಲೇ ನಮಗೆ ಗೊತ್ತಾಗಿದೆ, ದೊರೆಗೆ ಗೊತ್ತಿಲ್ಲ. ‘ನಮಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ’ ಎಂಬುದನ್ನು ಉತ್ತರದಲ್ಲಿ ಬಿಡಿಸಿ ಬರೆಯಲೇಬೇಕು.

ಪ್ರಶ್ನೆ: ಮಾಟಗಾತಿಯರ ಮಾತಿನ ಲಯ ಬೇರೆ ಎನ್ನುತ್ತಾರೆ. ಗುರುತಿಸುವುದು ಹೇಗೆ?

ಉತ್ತರ: ಮೇಜು ತಟ್ಟುತ್ತ ಗಟ್ಟಿಯಾಗಿ ಓದಿ. ಅವರದು ಹೆಚ್ಚಾಗಿ ಸಾಲಿಗೆ 4 ಪೆಟ್ಟು, ಶುರುವಾಗುವುದೇ ಪೆಟ್ಟಿನಿಂದ, ಮಂತ್ರ ಪಠಿಸಿದಂತೆ. ಸರದಾರರದು 5 ಪೆಟ್ಟು, ಸಾಮಾನ್ಯವಾಗಿ ಮೆಲುದನಿಯಿಂದ ಶುರು. ನಿದ್ದೆಯಲ್ಲಿ ನಡೆಯುವ ಲೇಡಿ ಮ್ಯಾಕ್‌ಬೆತ್‌ಗೆ ಇವೆರಡೂ ಇಲ್ಲ, ಅಲ್ಲಿ ಬರೀ ಗದ್ಯ.