ಕೋಲ್ನಿ ಹ್ಯಾಚ್ ತಪಾಸಣಾ ವರದಿ ಸಿಗುತ್ತಿಲ್ಲ: ಪ್ರತಿಕ್ರಿಯೆ

ನಿಮ್ಮ ಅಜ್ಜಿಯ ಅಜ್ಜಿ ಇದ್ದ ಕೋಲ್ನಿ ಹ್ಯಾಚ್‌ನ (ಲಂಡನ್ನಿನ ಹಳೆಯ ಮಾನಸಿಕ ಆಸ್ಪತ್ರೆ) 1860ರ ದಶಕದ ತಪಾಸಣಾ ವರದಿ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ನೀವು ಎಂಎಚ್ 94 ಎಂಬ ದಾಖಲೆ ಸರಣಿಯಲ್ಲಿ ಹುಡುಕುತ್ತಿರುವುದೇ ತೊಂದರೆ ಅನ್ಸುತ್ತೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಆ ಸರಣಿ ರೋಗಿಗಳ ದಾಖಲಾತಿ ಪುಸ್ತಕ. ಅದರಲ್ಲಿ ಹೆಸರು, ತಾರೀಖು ಇರುತ್ತೆ, ತಪಾಸಣೆಯ ಮಾತು ಇರಲ್ಲ.

1845ರ ಲ್ಯೂನಸಿ ಕಾಯ್ದೆ ಬಂದ ಮೇಲೆ ಲ್ಯೂನಸಿ ಕಮಿಷನರ್‌ಗಳು (ಮಾನಸಿಕ ಆಸ್ಪತ್ರೆಗಳ ಸರ್ಕಾರಿ ತಪಾಸಕರು) ಕೌಂಟಿ, ಅಂದರೆ ಜಿಲ್ಲಾ, ಮಾನಸಿಕ ಆಸ್ಪತ್ರೆಗಳಿಗೆ ಇಬ್ಬಿಬ್ಬರಾಗಿ ಹೋಗುತ್ತಿದ್ದರು, ಒಬ್ಬ ಡಾಕ್ಟರು, ಒಬ್ಬ ವಕೀಲ. ಕಂಡದ್ದನ್ನು ಆಸ್ಪತ್ರೆಯ ವಿಸಿಟರ್ಸ್ ಬುಕ್‌ನಲ್ಲೇ ಬರೆದಿಡುತ್ತಿದ್ದರು. ಹಾಗಾಗಿ ಮೂಲ ಬರಹ ಆಸ್ಪತ್ರೆಯ ಕಾಗದಪತ್ರಗಳ ಜೊತೆಗೇ ಇರಬೇಕು.

ಮೊದಲು ಕಮಿಷನರ್‌ಗಳ ವಾರ್ಷಿಕ ವರದಿ ನೋಡಿ. ಅದು ಪಾರ್ಲಿಮೆಂಟಿನ ಕಾಗದಪತ್ರವಾಗಿ ಅಚ್ಚಾಗಿದೆ. ಮುಖ್ಯ ವರದಿ ಓದುತ್ತಾ ಕೂರಬೇಡಿ, ಸೀದಾ ಅನುಬಂಧಕ್ಕೆ ಹೋಗಿ. ನಿಮ್ಮದು 1860ರ ದಶಕ ಅಲ್ವಾ, ಆ ಕಾಲದ ಭೇಟಿಯ ಬರಹಗಳನ್ನು ಅಲ್ಲಿ ಕೌಂಟಿವಾರು ಹಾಕಿರುತ್ತಾರೆ. ಎಷ್ಟು ಜನರನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕಿದ್ದರು, ಯಾರನ್ನಾದರೂ ಕಟ್ಟಿಹಾಕಿದ್ದರೇ, ಹಾಸಿಗೆ ಹೇಗಿತ್ತು, ಅವತ್ತಿನ ಊಟ ಹೇಗಿತ್ತು, ಇಂಥದ್ದೆಲ್ಲ ಸಿಗುತ್ತೆ. ಬರಹ ಒಣಕಲು, ಆದರೆ ಮೆತ್ತಗೆ ಚುಚ್ಚುವುದೂ ಉಂಟು.

ಆಮೇಲೆ ದಿ ಲಂಡನ್ ಆರ್ಕೈವ್ಸ್ ಕ್ಯಾಟಲಾಗ್‌ನಲ್ಲಿ ‘ಫ್ರಾಯರ್ನ್ ಹಾಸ್ಪಿಟಲ್’ ಅಂತ ಹುಡುಕಿ. ಕೋಲ್ನಿ ಹ್ಯಾಚ್‌ಗೆ ಆಮೇಲೆ ಬಂದ ಹೆಸರು ಅದು, ದಾಖಲೆಗಳು ಎಚ್12/ಸಿಎಚ್ ಎಂಬ ಕ್ಯಾಟಲಾಗ್ ಸಂಖ್ಯೆಯ ಅಡಿ ಇವೆ. ಎಲ್ಲ ವರ್ಷದ್ದೂ ಉಳಿದಿರಲಿಕ್ಕಿಲ್ಲ, ಸಂಪುಟದ ತಾರೀಖು ನೋಡಿಕೊಂಡೇ ತರಿಸಿ.

ಅಜ್ಜಿಯ ಅಜ್ಜಿಯ ಹೆಸರು ತಪಾಸಣಾ ವರದಿಯಲ್ಲಿ ಸಿಗುವುದು ಕಷ್ಟ. ಅದಕ್ಕೆ ಅದೇ ಕ್ಯಾಟಲಾಗ್‌ನ ಕೇಸ್ ಬುಕ್‌ಗಳನ್ನು (ಒಬ್ಬೊಬ್ಬ ರೋಗಿಯ ವಿವರ ಬರೆದ ಪುಸ್ತಕ) ಕೇಳಿ. 100 ವರ್ಷ ದಾಟಿದ ಕಾರಣ ಗೌಪ್ಯತೆಯ ಅಡ್ಡಿ ಬರಬಾರದು.